ಅಂಬಲಿ ಹಳ್ಳ

ಇಲ್ಲಿಯವರು ಆಂಬಿಲ್ ಓಢಾ ಅನ್ನುತ್ತಾರೆ.
ನಿಂಬೆವ್ವನ ಕಿವಿಗೆ ಮೊದಲ ದಿನವೇ ಅದು
ಅಂಬಲಿ ಅಂತ ಬಿತ್ತು.
ಆಲಮೇಲದಿಂದ ಕಲ್ಲು ಒಡೆಯಲು ಬಂದವಳು,
ದಾಂಡೇಕರ್ ಪೂಲಿನ ಪಕ್ಕ ಮೂರು ಕಲ್ಲಿನ ಒಲೆ ಹೂಡಿ
ಕೆಳಗೆ ಹರಿಯುವ ಬೂದುಬಣ್ಣವನ್ನು ನೋಡಿ ಕೇಳಿದಳಂತೆ:
"ಇಷ್ಟಕೊಂದು ಅಂಬಲಿ ಚೆಲ್ಲಿದವ್ರು ಯಾರ?"

ಮರಾಠಿಯಲ್ಲೂ ಅದು ಅಂಬಲಿಯೇ
ಅಂತ ಅವಳಿಗೆ ಯಾರೂ ಹೇಳಲಿಲ್ಲ,
ಹೇಳಿದರೂ ಆಶ್ಚರ್ಯಪಡುವವಳಲ್ಲ.
ಹಸಿದವರು ಎಲ್ಲಿ ಹೋದರೂ
ಒಂದೇ ಗಡಿಗೆ ಹೊತ್ತುಕೊಂಡು ಹೋಗಿರುತ್ತಾರೆ.

ನಾನು ಅವಳ ಮೊಮ್ಮಗಳ ಗಂಡ.
ಮಹಾನಗರಪಾಲಿಕೆಯಲ್ಲಿ ನಕ್ಷೆ ಇಳಿಸುವ ಕೆಲಸ.
ನನ್ನ ಮೇಜಿನ ಮೇಲೆ ಈ ಹಳ್ಳ ಒಂದು ನೀಲಿ ಗೆರೆ,
ಹಳೆಯ ಹಾಳೆಯಿಂದ ಹೊಸ ಹಾಳೆಗೆ ಬರುವಾಗಲೆಲ್ಲ
ಒಂದು ಕೂದಲೆಳೆ ಸಣ್ಣಗಾಗುವ ಗೆರೆ.
ನಿಬ್ಬಿನದೇ ತಪ್ಪು ಅಂದುಕೊಂಡಿದ್ದೆ ಮೊದಮೊದಲು.
ಆಮೇಲೆ ನೋಡಿದೆ,
ಪಕ್ಕದ ಪ್ಲಾಟುಗಳ ಕಪ್ಪು ಗೆರೆ
ಅಷ್ಟಷ್ಟೇ ದಪ್ಪಗಾಗುತ್ತಿತ್ತು.

ಸಾರಸಬಾಗಿನ ಗಣಪತಿಯನ್ನು ಮುದುಕರು
ಈಗಲೂ ಕೆರೆಯೊಳಗಿನ ಗಣಪತಿ ಅನ್ನುತ್ತಾರೆ.
ಸುತ್ತ ಹುಲ್ಲುಹಾಸು, ಭೇಳ್ ತಿನ್ನುವ ಜನ.
ಇದೇ ಹಳ್ಳದ ನೀರು ನಿಲ್ಲುತ್ತಿತ್ತಂತೆ ಅಲ್ಲಿ,
ದೋಣಿ ಇತ್ತಂತೆ.
ಪರ್ವತಿ ಗುಡ್ಡದ ಮೆಟ್ಟಿಲಿಗೆ ಕೇಳಬೇಕು,
ಅಷ್ಟು ಎತ್ತರದಿಂದ ನೋಡಿದ್ದು ಅದೊಂದೇ.
ಕಾತ್ರಜದ ಒಳ್ಳೆಯ ನೀರು ನೆಲದಡಿ, ಕಲ್ಲಿನ ಕಾಲುವೆಯಲ್ಲಿ,
ಕತ್ತಲೆಯಲ್ಲೇ ನಡೆದು ಪೇಶ್ವೆಯರ ವಾಡೆಗೆ ಹೋಯಿತು.
ಉಳಿದದ್ದು ಬಯಲಲ್ಲಿ
ಪದ್ಮಾವತಿ, ಅರಣ್ಯೇಶ್ವರ ದಾಟಿ
ಬಟ್ಟೆ ತೊಳೆದು, ಎಮ್ಮೆ ತೊಳೆದು,
ನಮ್ಮ ಮನೆಯ ಹಿಂದಕ್ಕೆ ಬಂತು.

ಪಿತೃಪಕ್ಷದ ಒಂದು ರಾತ್ರಿ ಅದು ಮುಂದಿನ ಬಾಗಿಲಿಗೂ ಬಂತು.

"ಅಂಬಲಿ ಉಕ್ಕ್ಯಾದ, ಏಳ್ರೋ!"
ನಿಂಬೆವ್ವ ಓಣಿಯುದ್ದಕ್ಕೂ ಕನ್ನಡದಲ್ಲೇ ಕೂಗಿದಳು.
ಸರ್ಜೇರಾವ್ ಕಾಂಬಳೆಗೆ ಒಂದಕ್ಷರ ತಿಳಿಯದು,
ಆದರೂ ಇಬ್ಬರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಓಡಿದ.
ಸಿಲಿಂಡರು, ರಿಕ್ಷಾ,
ಯಾರದೋ ಮದುವೆಯ ಕಬ್ಬಿಣದ ಕಪಾಟು
ಸಾಲಾಗಿ ಮುಠಾ ನದಿಯ ಕಡೆ ಹೊರಟವು.
ಅವಳು ಹಿಟ್ಟಿನ ಡಬ್ಬಿ ಮಾತ್ರ ತಲೆಯ ಮೇಲಿಟ್ಟುಕೊಂಡು
ಸೇತುವೆಯ ಮೇಲೆ ಬೆಳಗಿನವರೆಗೆ ನಿಂತಿದ್ದಳು.

ನೀರಿಳಿದ ಮೇಲೆ ಗೋಡೆಗೆ ಕೆಸರಿನ ಅಂಚು.
ಟೇಪು ಹಿಡಿದೆ: ಐದು ಅಡಿ ಎರಡು ಇಂಚು.
ನಿಂಬೆವ್ವ ನಾಲ್ಕಡಿ ಹತ್ತು.
ಬರೆದುಕೊಂಡೆ.
ಯಾವ ಕಾಲಮ್ಮಿಗೆ ತುಂಬಬೇಕೆಂದು ಇವತ್ತಿಗೂ ತಿಳಿದಿಲ್ಲ.
ಸುಣ್ಣ ಬಳಿಯಲು ಅವಳು ಬಿಡಲಿಲ್ಲ,
"ಇರಲಿ, ಬಂದವ್ರ ಗುರ್ತು."

ದೀಪಾವಳಿ ಕಳೆದು ಒಂದು ರವಿವಾರ
"ಅದರ ತವರುಮನಿ ತೋರಸು" ಅಂದಳು.
ಬಸ್ಸು ಹತ್ತಿ ಕಾತ್ರಜಕ್ಕೆ ಹೋದೆವು.
ಕೆರೆ, ಕಟ್ಟೆ, ಪ್ರಾಣಿಸಂಗ್ರಹಾಲಯದ ಗೋಡೆಯಾಚೆ ಯಾವುದೋ ಹಕ್ಕಿಯ ಕೂಗು.
ಅವಳಿಗೆ ಸಾಲದು. ಇನ್ನೂ ಮೇಲೆ.
ಘಾಟಿನ ಇಳುಕಲಲ್ಲಿ, ಲಾರಿಗಳ ಸದ್ದಿನ ಕೆಳಗೆ,
ಕಾರೆ ಕಂಟಿಯ ಬುಡದಲ್ಲಿ
ಗೇಣಗಲ, ಬೆರಳು ಮುಳುಗದಷ್ಟು,
ತಳದ ಹರಳು ಎಣಿಸುವಷ್ಟು ತಿಳಿ.

ನನ್ನ ನಕ್ಷೆಯಲ್ಲಿ ಇಲ್ಲಿಗೆ ಗೆರೆಯೇ ಬರುವುದಿಲ್ಲ.

ನಿಂಬೆವ್ವ ಕುಕ್ಕರಗಾಲಲ್ಲಿ ಕೂತು
ಬೊಗಸೆಯಲ್ಲಿ ಎತ್ತಿ, ಮೂಸಿ, ನಕ್ಕಳು:
"ಇದಕ ಇನ್ನಾ ಹಿಟ್ಟ ಹಾಕಿಲ್ಲ."

ಇಳಿಯುವಾಗ ಸೀರೆಯ ಅಂಚು ಒದ್ದೆ.
ಬಸ್ಸಿನಲ್ಲಿ ಕಂಡಕ್ಟರು "ಕುಠೇ, ಆಜ್ಜಿ?" ಅಂದ.
ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು,
"ಅಂಬಲಿ."
ಅವನು ಮರುಮಾತಾಡದೆ
ದಾಂಡೇಕರ್ ಪೂಲಿಗೆ ಎರಡು ಟಿಕೀಟು ಹರಿದ.